ನೊರೆಯಿಲ್ಲದ ತಲೆಸ್ನಾನ

ನನ್ನ ಕೂದಲು ಉದುರಿದ್ದು ಯಾರ ದೃಷ್ಟಿ ತಾಗಿಯೂ ಅಲ್ಲ, ಬಾವಿಯ ನೀರು ಕೆಟ್ಟೂ ಅಲ್ಲ. ಗಲ್ಫಿನಿಂದ ಮಗ ತಂದ ಶಾಂಪೂವನ್ನು ನಾನು ಬಟ್ಟೆಸೋಪಿನ ಹಾಗೆ ತಲೆಗೆ ತಿಕ್ಕಿದ್ದರಿಂದ, ಅಷ್ಟೇ.

ನರಿಕೊಂಬಿನ ನಮ್ಮ ಮನೆಯ ಬಚ್ಚಲ ಕಿಟಕಿಯಲ್ಲಿ ಆ ಹಸಿರು ಬಾಟಲಿ ಸದಾ ನಿಂತಿರುತ್ತಿತ್ತು. ಮಗ ಹಮೀದ ರಜೆಯಲ್ಲಿ ಬಂದು ಪೆಟ್ಟಿಗೆ ಬಿಚ್ಚಿದರೆ ಟೇಪ್‌ರೆಕಾರ್ಡರಿಗಿಂತ ಮೊದಲು ಹೊರಬರುತ್ತಿದ್ದದ್ದು ಅದು, ನನ್ನ ಪಾಲು. ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಹನಿ ಲೆಕ್ಕದಲ್ಲಿ ಬಳಸಲು ಯಾವ ತಾಯಿಗೆ ಮನಸ್ಸು ಬಂದೀತು? ನಮ್ಮ ಕಡೆಯವರ ಚಾಳಿ ನಿಮಗೂ ಗೊತ್ತಿರಬಹುದು: ಅಂಗೈ ತುಂಬ ತೆಂಗಿನೆಣ್ಣೆ ಹೊಯ್ದುಕೊಳ್ಳುವುದು, ಜಿಡ್ಡು ಹೋಗಲಿಲ್ಲವೆಂದು ಎರಡೆರಡು ಸಲ ಶಾಂಪೂ ಹಾಕುವುದು, ಕೂದಲು ತೆಂಗಿನ ನಾರಾಯಿತೆಂದು ಮತ್ತೆ ಎಣ್ಣೆ ಹೊಯ್ಯುವುದು. ಗಾಣದ ಎತ್ತಿಗಾದರೂ ಸಂಜೆ ಬಿಡುಗಡೆ ಉಂಟು. ನನ್ನ ತಲೆಗೆ ಅದೂ ಇರಲಿಲ್ಲ.

ಸೊಸೆ ಜುಲೇಖಾ ಒಂದು ದಿನ ನನ್ನ ಬಾಚಣಿಗೆಯನ್ನು ಎತ್ತಿ ಹಿಡಿದಳು. "ಉಮ್ಮಾ, ಇದರಲ್ಲಿ ಗುಬ್ಬಿ ಬಂದು ಮೊಟ್ಟೆ ಇಡ್ತದೆ ನೋಡಿ."

ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ನೆರೆಮನೆಯ ಗಿರಿಜಕ್ಕ ಸುಮ್ಮನಿರುವ ಪೈಕಿಯಲ್ಲ. "ಕೈಗೆ ಸಿಗುವಲ್ಲಿ ದಾಸವಾಳ ಉಂಟು, ಇವರಿಗೆ ಕಡಲಾಚೆಯದ್ದೇ ಬೇಕು ಮಾರಾಯ್ತಿ! ಎಲೆ ಕಿವುಚಿ ಗೊಂಪು ಮಾಡಿ ಹಚ್ಚಿ ಬೀಪಾತುಮ್ಮ, ಆಮೇಲೆ ಹೇಳಿ."

ಗೊಂಪು ಎಂದರೆ ಎಲೆಯನ್ನು ನೀರಿನಲ್ಲಿ ಕಿವುಚಿದಾಗ ಬರುವ ಲೋಳೆ. ಎಣ್ಣೆಯನ್ನು ಕಡಿಮೆ ಮಾಡಿ, ಗೊಂಪನ್ನು ಬಟ್ಟೆಯಲ್ಲಿ ಸೋಸಿ ತಲೆಗೆ ಹಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಮಿಂದೆ. ನೊರೆಯೇ ಇಲ್ಲ! ತಲೆ ತೊಳೆದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಹಸಿರು ಬಾಟಲಿಯತ್ತ ಕೈ ಹೋಗಿ ಹಿಂದೆ ಬಂತು. ಆದರೆ ಬಿಸಿಲಿಗೆ ಒಣಗಿಸಿ ಬೆರಳು ಹಾಯಿಸುತ್ತೇನೆ, ಅಬ್ಬಾ! ಎಲ್ಲಿಯೂ ಸಿಕ್ಕುಗಂಟಿಲ್ಲ, ತುರಿಕೆಯಿಲ್ಲ, ಬೆರಳು ತಾನಾಗಿ ಜಾರಿ ತುದಿಗೆ ಬಂತು. ಕುಣಿಯುವುದೊಂದು ಬಾಕಿ. ಹೊರಗೆ ಹೊರಟರೆ ಶಾಲಿನೊಳಗೆ ಅಡಗುವ ಕೂದಲು ಇದು, ಯಾರಿಗೂ ತೋರಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಯಾರೂ ಕಾಣದ ಚೆಂದದ ಸುಖವೇ ಬೇರೆ. ಅದರಲ್ಲಿ ಪಾಲು ಕೇಳುವವರಿಲ್ಲ. ನೊರೆಯೆದ್ದರೆ ಮಾತ್ರ ಶುದ್ಧಿ ಎಂದು ನಮಗೆ ಯಾರು ಹೇಳಿಕೊಟ್ಟರೋ! ಸದ್ದಿಲ್ಲದೆ ದುಡಿಯುವವರನ್ನು ದುಡಿಯಲೇ ಇಲ್ಲ ಎನ್ನುವ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತದೆ.

ವಾರವಾರವೂ ಹೀಗೇ ಮಿಂದೆ. ಬಾಚಣಿಗೆಯಲ್ಲಿ ಗೂಡು ಸಣ್ಣದಾಗುತ್ತ ಬಂದ ಹಾಗೆ ಹಿಗ್ಗಿನೊಳಗೆ ಒಂದು ಮುಳ್ಳು ಬೆಳೆಯಿತು: ಹಮೀದ ಬರುವ ದಿನ ಹತ್ತಿರವಾಗಿತ್ತು. ತಂದದ್ದನ್ನು ಬೇಡವೆಂದರೆ ಅವನು ಏನೆಂದುಕೊಂಡಾನು?

ಬಂದ. ಹೊಸ ಬಾಟಲಿ ಇಡಲು ಬಚ್ಚಲಿಗೆ ಹೋದವನು ಹಳೆಯದನ್ನೂ ಹಿಡಿದುಕೊಂಡು ಹೊರಬಂದ.

"ಅರ್ಧ ಹಾಗೇ ಉಂಟಲ್ಲ ಉಮ್ಮಾ? ಒಳ್ಳೇದಿಲ್ವಾ?"

ಸುತ್ತಿಬಳಸಿ ಹೇಳುವುದು ನನ್ನಿಂದಾಗದು. "ಒಳ್ಳೇದೇ ಮಗಾ. ನನ್ನ ತಲೆಗೆ ಆಗುವುದಿಲ್ಲ. ಇನ್ನು ತರಬೇಡ."

ಅವನ ಮುಖ ಸಣ್ಣದಾಯಿತು. "ಮತ್ತೆ ನಿಮಗೆ ನಾನು ಏನು ತರುವುದು?" ಎನ್ನುತ್ತ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಗ ಕಂಡೆ: ನೆತ್ತಿ ಖಾಲಿ, ಸುತ್ತ ನಾಲ್ಕು ಎಳೆ.

"ಇದೇನಾ ನಿನ್ನ ಅವಸ್ಥೆ?"

"ಅಲ್ಲಿಯ ನೀರು ಹಾಗೆ ಉಮ್ಮಾ. ಸೆಕೆಗೆ ದಿನಾ ಮೀಯಬೇಕು. ನಾನು ಹಾಕುವುದೂ ಇದನ್ನೇ."

ಬಾಗಿಲಲ್ಲಿ ನಿಂತಿದ್ದ ಜುಲೇಖಾ, "ಇವರ ತಲೆಯಲ್ಲಿ ಗುಬ್ಬಿಗೆ ಗೂಡಿಗೊಂದು ಕಡ್ಡಿಯೂ ಸಿಕ್ಕಲಿಕ್ಕಿಲ್ಲ" ಎಂದಳು. ಹಮೀದನಿಗೇ ನಗು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದವಳೇ ದಾಸವಾಳದ ಎಲೆಯನ್ನು ಮಡಿಲು ತುಂಬ ಕೊಯ್ದೆ, ಹಸಿರು ಬಾಟಲಿಯನ್ನು ಬಚ್ಚಲ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟೆ, ಮಗನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳ್ಳಿರಿಸಿ ಅವನ ನೆತ್ತಿಗೆ ಗೊಂಪು ಹೊಯ್ದೆ.