ದಾರ ಹಿಡದು ಹುಡುಕಿದ ಕೋಳಿಜುಟ್ಟಿನ ಹೂ

ಹೂವಿನ ಬೀಜ ನಾವು ಡಬ್ಬ್ಯಾಗ ಹಾಕಿ ಇಡೋರಲ್ಲ. ಗಿಡ ಒಣಗತೈತಿ, ಬೀಜ ತಾನ ಉದುರತೈತಿ, ಮುಂದಿನ ಮಳಿಗಿ ತಾನ ಏಳತೈತಿ. ನಮ್ಮ ಕೆಲಸ ಇಷ್ಟ: ಮೊದಲ ಮಳಿ ಬಿದ್ದ ಮ್ಯಾಲ ಹದಿನೈದು ದಿನ ಅಂಗಳಕ್ಕ ಕಸ ಕೀಳೂ ಕುರಪಿ ಹಚ್ಚದ ಸುಮ್ಮನ ಇರೂದು, ಎದ್ದದ್ದು ಹೂವೋ ಕಸಾನೋ ಗುರ್ತ ಹಿಡಿಯೂದು.

ಅದೇನು ದೊಡ್ಡ ವಿದ್ಯಾ ಅಲ್ಲ. ಗುಲಬಾಕ್ಷಿದು ಮೊದಲಿನ ಎರಡ ಎಲಿ ದಪ್ಪ, ಅಗಲ. ಎದ್ದ ದಿನಾನ ಗೊತ್ತಾಗತೈತಿ. ಚಂಡ ಹೂವಿನ ಎಲಿ ಬೆರಳಾಗ ತಿಕ್ಕಿ ಮೂಸಿದ್ರ ತಾನ ಹೆಸರ ಹೇಳತೈತಿ. ಗೌರಿ ಹೂವಿನ ದೇಟು ನೀರ ತುಂಬಿದಂಗ ಇರತೈತಿ, ಚಿವುಟಿದ್ರ ಪಟ್ಟನ ಮುರೀತೈತಿ. ತ್ರಾಸ ಕೊಡೂದು ಕೋಳಿಜುಟ್ಟಿನ ಹೂ ಒಂದ. ಸಣ್ಣದಿದ್ದಾಗ ಅದು ರಾಜಗಿರಿ ಪಲ್ಲೆದಂಗ ಕಾಣತೈತಿ. ಅದ ಕೆಂಪ ದೇಟು, ಅದ ಎಲಿ. ತುದಿ ನೋಡಬೇಕು. ರಾಜಗಿರಿ ಎಲಿ ತುದ್ಯಾಗ ಇರಿವಿ ಕಡದಷ್ಟು ಕಚ್ಚ ಇರತೈತಿ, ಕೋಳಿಜುಟ್ಟಿನ ಎಲಿ ತುದಿ ಚೂಪ. ಈ ಮಾತು ನಾ ನನ್ನ ಸೊಸಿಗಿ ಹೇಳಿರಲಿಲ್ಲ. ತಪ್ಪ ಅಲ್ಲೇ ಆತು.

ನಮ್ಮ ಊರು ಬೀಳಗಿ ಕಡೆ, ಹೊಳಿ ದಂಡಿ ಮ್ಯಾಲಿತ್ತು. ಡ್ಯಾಮಿನ ನೀರ ಏರತೈತಿ ಅಂತ ನಮ್ಮನ್ನ ಎಬ್ಬಿಸಿ ಹೊಸ ಊರಾಗ ಪ್ಲಾಟ ಕೊಟ್ರು. ಮಂದಿ ಬಾಗಲಾ, ತೊಲಿ, ಹಾಸಗಲ್ಲು ಟ್ರ್ಯಾಕ್ಟರಿನ್ಯಾಗ ಹೇರಿದ್ರು. ನಾನೂ ಹೇರಿದ್ನಿ. ಅದರ ಮ್ಯಾಲ, ಅಂಗಳದ ಮಣ್ಣ ನಾಕ ಬೆರಳ ಕೆತ್ತಿ ಒಂದ ಗೊಬ್ಬರದ ಚೀಲ ತುಂಬಿದ್ನಿ.

ನಮ್ಮ ಮನಿಯವರು ನಕ್ರು. "ಅಲ್ಲೇನ ಮಣ್ಣ ಸಿಗಂಗಿಲ್ಲೇನ?"

"ಮಣ್ಣ ಸಿಗತೈತಿ. ನಮ್ಮವ್ವನ ಹೂ ಸಿಗಂಗಿಲ್ಲ" ಅಂದ್ನಿ.

ಬಂಗಾರ ಹಾಕೂ ಮಂದಿ ನಾವಾಗಿರಲಿಲ್ಲ. ಲಗ್ನದಾಗ ನಮ್ಮವ್ವ ನನ್ನ ಉಡ್ಯಾಗ ಅಕ್ಕಿ, ಕುಬಸ ಹಾಕಿ, ಒಂದ ಚಿಂದಿ ಗಂಟನ್ಯಾಗ ಕೋಳಿಜುಟ್ಟಿನ ಬೀಜ ಇಟ್ಟಿದ್ಲು. ಬಜಾರದಾಗಿನ ಗುಲಾಬಿ ಬಣ್ಣದ್ದಲ್ಲ. ಕಪ್ಪಿಗಿ ತಿರಗಿದ ಕೆಂಪು, ಕೈಯಾಡಿಸಿದ್ರ ಮಖಮಲ್ಲ. ಅವ್ವ ಹೋಗಿ ಭಾಳ ವರ್ಷ ಆಗಿತ್ತು. ತವರಮನಿ ಅಂಗಳಾನೂ ಅದ ನೀರಾಗ ಹೋತು. ಆ ಬೀಜ ಉಳದದ್ದು ಚೀಲದಾಗ ಅಷ್ಟ.

ಹೊಸ ಪ್ಲಾಟ ಬರೇ ಗರಸು ಕಲ್ಲು. ಕಟ್ಟಿ ಮುಂದ ಚೀಲದ ಮಣ್ಣ ಹರವಿದ್ನಿ. ಮಳಿ ಬಂತು. ಚಾಪಿ ಹಾಸಿದಂಗ ಎದ್ವು ಸಸಿ. ಗೇಣುದ್ದ ಆಗಲಿ, ಆಮ್ಯಾಲ ಕಿತ್ತು ಅಂತರಕ್ಕ ಹಚ್ಚಿದ್ರಾತು ಅಂತ ಬಿಟ್ಟಿದ್ನಿ.

ಆ ವರ್ಷಾನ ಮಗನ ಲಗ್ನ ಆಗಿತ್ತು. ಸೊಸಿ ಬನಹಟ್ಟಿಯಾಕಿ. ಅವರ ಮನ್ಯಾಗ ನಾಕೂ ಕಡೆ ಮಗ್ಗ, ಬಾಗಲ ತಗದ್ರ ರಸ್ತಾ. ಕಾಯಿಪಲ್ಲೆ ಅಂದ್ರ ಸಂತ್ಯಾಗ ಸೂಡ ಕಟ್ಟಿ ಇಟ್ಟದ್ದು ಅಷ್ಟ ಗೊತ್ತು ಆಕಿಗಿ. ಒಂದಿನ ನಾ ಪ್ಲಾಟಿನ ಕಾಗದಾ ಅಂತ ಬೀಳಗಿಗಿ ಹೋಗಿ, ಹಸದು ಹೊಳ್ಳಿ ಬಂದ್ನಿ. ಬಿಸಿ ರೊಟ್ಟಿ, ಬಳ್ಳೊಳ್ಳಿ ಹಾಕಿದ ಪಲ್ಲೆ ನೀಡಿದ್ಲು. ಒಂದ ರೊಟ್ಟಿ ಮುಗಿಸಿ ಇನ್ನೊಂದಕ್ಕ ಕೈ ಹಾಕಿದ್ನಿ.

"ಪಲ್ಲೆ ಛಲೋ ಆಗೇತವಾ. ಎಲ್ಲಿ ತಂದಿ?"

"ತಂದದ್ದಲ್ರೀ ಅತ್ಯಾರ. ನಮ್ಮ ಕಟ್ಟಿ ಮುಂದ ಬೆಳದಿತ್ತು. ರೊಕ್ಕ ಕೊಟ್ಟ ಯಾಕ ತರೂದ್ರಿ?"

ಬಾಯಾಗಿನ ತುತ್ತು ಉಗುಳಾಕ ಬರಂಗಿಲ್ಲ, ನುಂಗಾಕ ಬರಂಗಿಲ್ಲ.

"ಬೇರ ಸಮೇತ ಕಿತ್ತೇನ?"

"ಹೂನ್ರಿ. ಒಂದೂ ಬಿಟ್ಟಿಲ್ಲರಿ, ಸ್ವಚ್ಛ ಮಾಡೇನ್ರಿ."

"ನಮ್ಮವ್ವನ್ನ ಕುದಿಸಿ ನನಗ ನೀಡಿದೆಲ್ಲ" ಅಂದ್ನಿ. ಇನ್ನೂ ಅಂದ್ನಿ, ಅದನ್ನ ಇಲ್ಲಿ ಬರಿಯಂಗಿಲ್ಲ. ಆಕಿ ಅಳಲಿಲ್ಲ. ಪಲ್ಲೆ ಗಡಗಿ ಮ್ಯಾಲ ತಾಟ ಮುಚ್ಚಿ ಒಳಗ ಹೋದ್ಲು. ಕಟ್ಟಿ ಮುಂದ ಹೋಗಿ ಕುಂತು ಹುಡಿಕಿದ್ನಿ. ಎರಡ ಗುಲಬಾಕ್ಷಿ ಉಳದಿದ್ವು, ಅವು ಪಲ್ಲೆಗಿ ಬರಂಗಿಲ್ಲ ಅಂತ. ಎರಡ ಚಿಟಿಕಿ ಬೀಜ ಬ್ಯಾರೆ ತಗದ ಇಡದಾಕಿ ನಾನು. ಆದ್ರ ಬೈಸಿಕೊಂಡಾಕಿ ಆಕಿ.

ಎಂಟ ದಿನ ಬಿಟ್ಟು ಆಕಿ ತನ್ನ ಟ್ರಂಕ ತಗದು ಒಂದ ಗಂಟ ತಂದು ನನ್ನ ಮುಂದ ಬಿಚ್ಚಿದ್ಲು. ಮಗ್ಗದ ಮನ್ಯಾಗ ಉಳದ ಬಣ್ಣಬಣ್ಣದ ದಾರದ ತುಂಡು.

"ಹೂ ಎಂಥಾ ಕೆಂಪ ಇತ್ರೀ ಅತ್ಯಾರ?"

"ಕೆಂಪ ಅಂದ್ರ ಕೆಂಪು."

"ಹಂಗಂದ್ರ ಬನಹಟ್ಟ್ಯಾಗ ಯಾರೂ ನೂಲ ಕೊಡಂಗಿಲ್ರಿ. ಇದ? ಇದ?"

ಏಳ ಥರದ ಕೆಂಪ ಹಾಸಿದ್ಲು. ಅಷ್ಟ ಥರ ಇರತಾವು ಅಂತ ನನಗ ಅವತ್ತ ಗೊತ್ತಾತು. ಒಂದರ ಮ್ಯಾಲ ಬೆರಳ ಇಟ್ನಿ. ಆ ದಾರ ತನ್ನ ಕೈಬಳಿಗಿ ಸುತ್ತಿ ಗಂಟ ಹಾಕಿ, "ಈ ಹೂ ಮತ್ತ ಯಾರ ಮನ್ಯಾಗ ಐತ್ರಿ?" ಅಂದ್ಲು.

ಇತ್ತು ಒಬ್ಬಾಕಿ ಮನ್ಯಾಗ. ಹಳಿ ಊರಾಗ ನಮ್ಮ ಬಾಜೂ ಮನಿಯಾಕಿ. ನಮ್ಮ ಕಡೆ ಹೆಂಗಸರಿಗಿ ಒಂದ ನಂಬಿಕಿ: ಕೇಳಿ ತಂದ ಸಸಿ ಹತ್ತಂಗಿಲ್ಲ, ಕದ್ದ ತಂದದ್ದ ಹತ್ತತೈತಿ. ಹಿಂಗಾಗಿ ಎಲ್ಲಾರೂ ಎಲ್ಲಾರ ಅಂಗಳದಾಗ ಕದೀತಿದ್ರು. ಆಕಿ ನನ್ನ ಕೋಳಿಜುಟ್ಟಿನ ಸಸಿ ಕೀಳೂಮುಂದ ನಾ ಕಂಡ್ನಿ. ಕಂಡ್ರೂ ಕಾಣದಂಗ ಇರೂದು ಪದ್ಧತಿ. ನಾ ಹಂಗ ಇರಲಿಲ್ಲ. ನೀರಿಗಿ ಬಂದ ಹತ್ತ ಮಂದಿ ಮುಂದ ಕಳ್ಳಿ ಅಂದ್ನಿ. ಅವತ್ತ ಮಾತ ನಿಂತದ್ದು, ಹನ್ನೆರಡ ವರ್ಷ ಆದ್ರೂ ನಿಂತ ಇತ್ತು. ಡ್ಯಾಮಿನ ನೀರ ಬಂದ ಮ್ಯಾಲ ಆಕಿ ಮಗನ ಕೂಡ ಜಮಖಂಡಿಗಿ ಹೋಗಿದ್ಲು, ಹೂವಿನ ಬೀಜಾನೂ ಒಯ್ದಿದ್ಲಂತ.

"ಆಕಿ ಬಾಗಲಕ್ಕ ನಾ ಹೋಗಂಗಿಲ್ಲ" ಅಂದ್ನಿ. ಸೊಸಿ ಮತ್ತ ಕೇಳಲಿಲ್ಲ. ದಾರಾನೂ ಬಿಚ್ಚಲಿಲ್ಲ. ಭಾಂಡಿ ತಿಕ್ಕಿದ್ಲು, ಅರಿವಿ ಒಗದ್ಲು, ಬಣ್ಣ ಬಿಡಲಿಲ್ಲ ಅದು. ದಿನಾ ರೊಟ್ಟಿ ನೀಡೂಮುಂದ ನನ್ನ ಕಣ್ಣ ಮುಂದ. ದೀಪಾವಳಿ ಹತ್ತಿರ ಬಂತು, ಬೀಜ ಬಲಿಯೂ ಹೊತ್ತು. ತಡಕೊಳ್ಳಾಕ ಆಗಲಿಲ್ಲ ನನಗ. "ನಡಿ" ಅಂದ್ನಿ.

ಜಮಖಂಡಿ ಬಸ್ ಇಳದು ಕೇಳಕೋತ ಹೋದ್ವಿ. ಓಣಿ ಮೂಲ್ಯಾಗ ನಾ ನಿಂತ್ನಿ, ಸೊಸಿನ್ನ ಮುಂದ ಕಳಸಿದ್ನಿ. ಆಕಿ ಸೀದಾ ಅಂಗಳಕ್ಕ ಹೋಗಿ, ಒಂದೊಂದ ಹೂವಿಗಿ ಬಳಿ ಹಿಡದು ನೋಡಾಕ ಹತ್ತಿದ್ಲು. ಮನಿಯಾಕಿ ಹೊರಗ ಬಂದ್ಲು.

"ಏನವಾ, ಹೂವಿಗಿ ಬಳಿ ಇಡಸಾಕ ಬಂದಿಯೇನ?"

"ದಾರಕ್ಕ ಹೊಂದೂ ಹೂ ನೋಡಾಕತ್ತೇನ್ರಿ. ಇದು ಗುಲಾಬಿ ಬಣ್ಣಕ್ಕ ಹೋಗೈತ್ರಿ. ಇದೂ ಅಲ್ಲ. ಹಾಂ, ಇದ ನೋಡ್ರಿ!"

"ಯಾರ ಸೊಸಿ ನೀ?"

ಹೇಳಿದ್ಲು. ಆಕಿ ಓಣಿ ಮೂಲಿ ಕಡೆ ಹೊಳ್ಳಿ ನೋಡಿದ್ಲು. ಆಮ್ಯಾಲ ಓಣಿಗೆಲ್ಲಾ ಕೇಳೂವಂಗ ಒದರಿದ್ಲು: "ಮೂಲ್ಯಾಗ ಅಡಗಿ ನಿಂತಾಕಿ ಒಳಗ ಬಾ ಬೇ! ಕಳ್ಳಿ ಮನಿ ಚಾ ಕುಡದ್ರ ಯಾರೂ ಸಾಯಂಗಿಲ್ಲ!"

ಹೋದ್ನಿ. ಮತ್ತೇನ ಮಾಡೂದು? ನೋಡಿದ್ನಿ. ಅದ ಕೆಂಪು. ಹೂವಿಗಿ ಹಚ್ಚಿದ ಕೈ ಲಗೂನ ತಗೀಲಿಲ್ಲ. ಪಲ್ಲೆ ಕಥಿ ಸೊಸೀನ ಹೇಳಿದ್ಲು. ಮನಿಯಾಕಿ ಹೊಟ್ಟಿ ಹಿಡಕೊಂಡ ನಕ್ಕಳು.

"ಈಗ ನನ್ನ ಹಂತ್ಯಾಕ ಬೇಡಾಕ ಬಂದಿ?"

"ಬೇಡಾಕ ಬಂದೇನಿ" ಅಂದ್ನಿ.

"ಬೇಡಿದ್ರ ಹತ್ತಂಗಿಲ್ಲ. ನಾ ಚಾ ಮಾಡಾಕ ಒಳಗ ಹೋಗತೇನಿ."

ಒಳಗ ಹೋಗಿ ಭಾಂಡಿ ಸಪ್ಪಳ ಮಾಡಿದ್ಲು, ಬೇಕಂತನ, ಒಂದ ಚಾಕ್ಕ ಅಷ್ಟ ಸಪ್ಪಳ ಯಾಕ? ಆ ಸಪ್ಪಳದಾಗ ಅತ್ತಿ-ಸೊಸಿ ಕದ್ವಿ. ನಾ ಬಲಿತ ಹೂ ತಿಕ್ಕಿದ್ನಿ, ಆಕಿ ಸೆರಗ ಒಡ್ಡಿದ್ಲು. ಕರಿ ಬೀಜ ಮಿಂಚಕೋತ ಬಿದ್ವು.

ಚಾ ಕುಡಿಯೂಮುಂದ ಅಂದ್ನಿ: "ಅವತ್ತ ನೀ ಕದಿಯದ ಇದ್ದಿದ್ರ ನಮ್ಮವ್ವನ ಹೂ ಭೂಮಿ ಮ್ಯಾಲ ಇರತಿದ್ದಿಲ್ಲ. ಉಪಕಾರ ಆತು."

"ಹಂಗಂದ್ರ ನಾ ಕಳ್ಳಿ ಅಲ್ಲ?"

"ಕಳ್ಳೀನ. ನಾ ಅಂದದ್ದ ಖರೆ ಐತಿ. ಮಂದಿ ಮುಂದ ಅಂದದ್ದ ತಪ್ಪು."

"ಅಷ್ಟ ಸಾಕ ಬಿಡು" ಅಂದ್ಲು. ಬಸ್ಸಿನ್ಯಾಗ ಸೊಸಿಗೂ ಒಂದ ಮಾತ ಹೇಳಿದ್ನಿ: "ಪಲ್ಲೆ ರುಚಿ ಇತ್ತು." ಆಕಿ ಕಿಡಕಿ ಕಡೆ ಮಾರಿ ತಿರುವಿ ನಕ್ಕಳು.

ಮುಂದಿನ ಮಳಿಗಿ ಸಸಿ ಎದ್ವು. ಎಲಿ ತುದಿ ಮುಟ್ಟಿ ಮುಟ್ಟಿ ಸೊಸೀನ ಗುರ್ತ ಹಿಡದ್ಲು, ನನ್ನ ಕಣ್ಣಿಗಿಂತ ಆಕಿ ಕಣ್ಣ ಛಲೋ. ಸುದ್ದಿ ಮುಟ್ಟಿಸಾಕ ನಾ ಒಬ್ಬಾಕೀನ ಜಮಖಂಡಿ ಬಸ್ ಹತ್ತಿದ್ನಿ.

"ಬಂದಾವು" ಅಂದ್ನಿ.

"ಎಷ್ಟ?"

"ಕದ್ದದ್ದನ್ನ ಯಾರ ಎಣಸತಾರ?" ಅಂದು ಆಕಿ ಮನಿ ಕಟ್ಟಿ ಮ್ಯಾಲ ಕುಂತ್ನಿ.