ವಿಲ್ಫ್ ಗ್ಯಾರಡ್ ಮುಚ್ಚಿದ ಬಾಗಿಲು

ದೊಡ್ಡಮನೆಯ ಗೋಡೆಗೆ ಕೈ ಹಾಕುತ್ತಾರಂತೆ ಎಂಬ ಸುದ್ದಿ ವಿಲ್ಫ್ ಗ್ಯಾರಡ್‌ಗೆ ತಿಳಿದದ್ದು ದೀಪದ ಕಂಬಕ್ಕೆ ಕಟ್ಟಿದ್ದ ಹಳದಿ ನೋಟೀಸಿನಿಂದ. ಇಂಗ್ಲೆಂಡಿನ ಸಫೋಕ್ ಸೀಮೆಯ ಆ ಹಳ್ಳಿಯಲ್ಲಿ ಹಳದಿ ಕಾಗದ ಕಂಡಿತೆಂದರೆ ಯಾರೋ ಏನೋ ಕಟ್ಟುತ್ತಾರೆ, ಇಲ್ಲವೇ ಕೆಡವುತ್ತಾರೆ. ಮನೆ ಕೊಂಡ ಹೊಸಬರಿಗೆ ಕಾರು ಒಳಗೆ ಬರಬೇಕಂತೆ. ಅದಕ್ಕೆ ನಾನೂರು ವರ್ಷದ ಚಕಮಕಿ ಕಲ್ಲಿನ ಕಾಂಪೌಂಡು ಗೋಡೆಯಲ್ಲಿ ಹತ್ತಡಿಯ ಬಾಗಿಲು ಒಡೆಯಬೇಕಂತೆ.

ಎಂಬತ್ತೆರಡರ ವಿಲ್ಫ್ ಜನ್ಮದಲ್ಲಿ ಒಂದು ಅರ್ಜಿ ಬರೆದವನಲ್ಲ. ಕರಣೆ ಹಿಡಿದ ಕೈಗೆ ಪೆನ್ನು ಅಷ್ಟು ಸಲೀಸಾಗಿ ಒಗ್ಗುತ್ತದೆಯೇ? ಆದರೂ ಮೂರು ಹಾಳೆ ಆಕ್ಷೇಪಣೆ ಗೀಚಿ, ಪಕ್ಕದ ಮನೆಯ ಡೋರೀನ್ ಮುಂದಿಟ್ಟ.

"ಇದೇನ್ ವಿಲ್ಫ್, ಮೂರು ಹಾಳೇಲೂ 'ಮುಟ್ಬೇಡಿ, ಮುಟ್ಬೇಡಿ' ಅಂತ್ಲೇ ಇದೆ! ಕಾರಣ ಬೇಡ್ವಾ?"

"ಗೋಡೆ ಚೆನ್ನಾಗಿದೆ. ಅದೇ ಕಾರಣ ಅಂತ ಟೈಪ್ ಮಾಡು."

ನಿಜವಾದ ಕಾರಣ ಬೇರೆಯೇ ಇತ್ತು. ಆ ಗೋಡೆಯಲ್ಲಿ ಹಿಂದೆ ಒಂದು ಗಾಡಿಬಾಗಿಲಿತ್ತು. ಅದನ್ನು ಮುಚ್ಚಿದವನು ವಿಲ್ಫನೇ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಬ್ಬನೇ. "ಒಂದು ಚಳಿಗಾಲ ಕಳೀಲಿ. ಹೊಸ್ದು ಯಾವ್ದು, ಹಳೇದು ಯಾವ್ದು ಅಂತ ನಂಗೆ ಗೊತ್ತಾದ್ರೆ ನೀನೇ ಕೆಡವ್ಬೇಕು, ತಿಳೀತಾ?" ಎಂದಿದ್ದ, ವಿಲ್ಫ್‌ಗೆ ಕೆಲಸ ಕಲಿಸಿದ ಮೇಸ್ತ್ರಿ ಏಮೋಸ್. ವಿಲ್ಫ್ ಹೊಲಹೊಲ ಅಲೆದು ಒಂದೊಂದೇ ಕಲ್ಲು ಆರಿಸಿದ. ಸುಣ್ಣದ ಗಾರೆಗೆ ಊರ ಹಳ್ಳದ ಮರಳನ್ನೇ ಬೆರೆಸಿದ. ಹಳೆಯ ಗೋಡೆಯಂತೆ ಕಲ್ಲುಹೂವು ಬೇಗ ಹತ್ತಲೆಂದು ಸಗಣಿನೀರು, ಹುಳಿಮಜ್ಜಿಗೆ ಬಳಿದ. ಊರವರು ವಾರವಿಡೀ ಮೂಗು ಮುಚ್ಚಿಕೊಂಡು ಓಡಾಡಿದರು. ವಸಂತದಲ್ಲಿ ಏಮೋಸ್ ಬಂದು ಗೋಡೆಯುದ್ದಕ್ಕೂ ಎರಡು ಸಲ ನಡೆದ. ಆಮೇಲೆ ಏನೂ ಹೇಳದೆ ಟೀ ಕುಡಿಯಲು ಹೋದ. ಅವನಿಂದ ಸಿಕ್ಕ ಹೊಗಳಿಕೆ ಅಷ್ಟೇ. ಮುಂದೆ ವಿಲ್ಫ್ ನೂರು ಗೋಡೆ ಕಟ್ಟಿದ. ಯಾವುದೂ ಇದರ ಸಮಕ್ಕೆ ಬರಲಿಲ್ಲ.

ಅರ್ಜಿಯ ವಿಚಾರಣೆಗೆ ಸಭೆ ಸೇರಿದ ದಿನ ಹೊಸಬರ ಇಂಜಿನಿಯರ್ ಹಳೆಯ ನಕ್ಷೆ ಬಿಚ್ಚಿದ. "ಇಲ್ಲೆಲ್ಲೋ ಒಂದು ಬಾಗಿಲಿತ್ತು. ನಾವು ಹೊಸದು ಕೇಳ್ತಿಲ್ಲ, ಹಳೇದನ್ನೇ ತೆಗೀತೀವಿ."

ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿಣಿ ಎದ್ದಳು. "ನಕ್ಷೆ ತಪ್ಪು. ಇಂಚಿಂಚೂ ನೋಡಿದೀನಿ, ಎಲ್ಲಾ ನಾನೂರು ವರ್ಷದ್ದೇ. ಇಂಥ ಕೆಲಸ ಮಾಡೋ ಮೇಸ್ತ್ರಿ ಈ ಕಾಲದಲ್ಲಿ ಹುಟ್ಟೇ ಇಲ್ಲ ಬಿಡಿ."

ವಿಲ್ಫ್ ಸುಮ್ಮನೆ ಕೂತಿದ್ದರೆ ಗೋಡೆ ಉಳಿಯುತ್ತಿತ್ತು. ಅರವತ್ತಮೂರು ವರ್ಷ ಸುಮ್ಮನಿದ್ದವನಿಗೆ ಇನ್ನೈದು ನಿಮಿಷ ದೊಡ್ಡದೇ? ಆದರೆ ಹೊಗಳಿಕೆ ಕಿವಿಗೆ ಬಿದ್ದ ಮೇಸ್ತ್ರಿಯ ಬಾಯಿ ಕಟ್ಟುವವರು ಯಾರು?

"ಹುಟ್ಟಿದಾನೆ ಕಣಮ್ಮಾ," ಎಂದು ಎದ್ದೇಬಿಟ್ಟ. "ಬಾಗಿಲು ಮುಚ್ಚಿದೋನು ನಾನೇ."

ಡೋರೀನ್ ಹಣೆ ಚಚ್ಚಿಕೊಂಡಳು.

ಅನುಮತಿ ಸಿಕ್ಕಿತು, ಒಂದು ಷರತ್ತಿನ ಮೇಲೆ: ವಿಲ್ಫ್ ಕಟ್ಟಿದಷ್ಟನ್ನೇ ತೆಗೆಯಬೇಕು, ಹಳೆಯ ಗೋಡೆಯ ಒಂದು ಕಲ್ಲೂ ಅಲುಗಬಾರದು. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ವಿಲ್ಫನೇ ತೋರಿಸಬೇಕು.

ಕೆಲಸದವರು ಬಂದ ಬೆಳಿಗ್ಗೆ ಅವನ ಕೈಗೆ ಸೀಮೆಸುಣ್ಣ ಕೊಟ್ಟರು. ತನ್ನ ಮಗುವನ್ನು ತಾನೇ ಕಟುಕರಿಗೆ ಒಪ್ಪಿಸಲು ಹೊರಟವನಂತೆ ಅವನಿಗೆ ಸಂಕಟವಾಯಿತು. ಗೋಡೆಯುದ್ದಕ್ಕೂ ನಡೆದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ, ಅಂಗೈಯಿಂದ ಸವರಿದ. ಮತ್ತೆ ಮೊದಲಿನಿಂದ ನಡೆದ.

"ಎಲ್ಲಿ ಅಜ್ಜಾ?" ಎಂದ ಕೆಲಸದವನೊಬ್ಬ.

"ಗೊತ್ತಾಗ್ತಿಲ್ಲ ಕಣೋ."

"ನಾಟಕ ಸಾಕು, ಗ್ಯಾರಡ್ ಅವರೇ," ಇಂಜಿನಿಯರ್ ರೇಗಿದ. "ನೀವೇ ಕಟ್ಟಿದ್ದು ನಿಮಗೇ ಗೊತ್ತಾಗಲ್ವಾ?"

ಊರಲ್ಲಿ ಇವತ್ತಿಗೂ ಅದು ನಾಟಕವೆಂದೇ ಮಾತು. ಅಲ್ಲೇ ನಿಂತಿದ್ದ ಡೋರೀನ್ ಕೂಡ ಕಣ್ಣು ಹೊಡೆದಳು. ಆದರೆ ವಿಲ್ಫ್‌ಗೆ ಸತ್ಯವಾಗಿಯೂ ಗೊತ್ತಾಗಲಿಲ್ಲ. ಅವನ ಎದೆ ತುಂಬಿ ಬಂತು.

ಷರತ್ತು ಮೀರುವ ಧೈರ್ಯ ಯಾರಿಗೂ ಇರಲಿಲ್ಲ. ಕೆಲಸದವರು ಹಾರೆ, ಸುತ್ತಿಗೆಗಳನ್ನು ವ್ಯಾನಿಗೆ ತುಂಬಿದರು. ವಿಲ್ಫ್ ಸೀಮೆಸುಣ್ಣವನ್ನು ಜೇಬಿಗಿಳಿಸಿ, ಏನೂ ಹೇಳದೆ ಟೀ ಕುಡಿಯಲು ಹೋದ.