ನಾನು ಓದಿದ ರೆಗ್ಯುಲೇಟರ್

ನಾನು ಶಾಲೆ ಬಿಟ್ಟದ್ದು ೧೯೮೬ರಲ್ಲಿ, ಎಂಟನೆಯ ಇಯತ್ತೆಯ ದೀಪಾವಳಿ ರಜೆ ಮುಗಿದ ಮೇಲೆ. ಗಡಹಿಂಗ್ಲಜದ ಹತ್ತಿರದ ನಮ್ಮೂರಿನಲ್ಲಿ ಯಾರು ಕೇಳಿದರೂ ಮನೆಯ ಪರಿಸ್ಥಿತಿ ಎಂದು ಹೇಳುತ್ತಿದ್ದೆ. ಮನೆಯಲ್ಲಿ ಅಂಥ ಪರಿಸ್ಥಿತಿ ಏನೂ ಇರಲಿಲ್ಲ. ಮೂರು ಎಕರೆ ಕಬ್ಬು, ಎರಡು ಎಮ್ಮೆ ಇದ್ದವು. ನಿಜವಾದ ಕಾರಣ ಇಂಗ್ಲಿಷ್. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಎರಡರಲ್ಲೂ ಹೇಗೋ ದಾಟುತ್ತಿದ್ದೆ. ಇಂಗ್ಲಿಷ್ ತಾಸಿನಲ್ಲಿ ಎದ್ದು ನಿಂತು ಓದು ಎಂದರೆ, ಅಕ್ಷರಗಳು ಒಂದೊಂದಾಗಿ ಗೊತ್ತಿದ್ದೂ ಶಬ್ದ ಕೂಡುತ್ತಿರಲಿಲ್ಲ. ಹಿಂದಿನ ಬೆಂಚಿನವರು ನಗುತ್ತಿದ್ದರು. ಆ ನಗೆಗೆ ಹೆದರಿ ಬಿಟ್ಟೆ ಎಂದು ಈ ಐವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಅಪ್ಪ ನನ್ನನ್ನು ಕೊಲ್ಹಾಪುರದ ಒಬ್ಬ ಗಡಿಯಾರ ದುರಸ್ತಿಗಾರರ ಕೈಗೆ ಒಪ್ಪಿಸಿದ. ಅವರು ಮೊದಲ ಆರು ತಿಂಗಳು ಗಡಿಯಾರ ಬಿಚ್ಚಲು ಕೊಡಲೇ ಇಲ್ಲ. ಕಿವಿಗೆ ಹಿಡಿದು ಠೋಕಾ, ಅಂದರೆ ಬಡಿತ, ಕೇಳು ಎನ್ನುತ್ತಿದ್ದರು. ಟಿಕ್ ಮತ್ತು ಟಿಕ್ ನಡುವಿನ ಅಂತರ ಸಮ ಇಲ್ಲದಿದ್ದರೆ ‘ಕುಂಟಾಕತ್ತೈತಿ’ ಎನ್ನಬೇಕು. ಕುಂಟಿದರೆ ತಪ್ಪು ಗಡಿಯಾರದ್ದು, ಅದನ್ನು ನಡೆಸುವುದು ನಮ್ಮ ಕೆಲಸ. ಗಡಿಯಾರದೊಳಗೆ ತೂಗುವ ಗಾಲಿಯ ಮೇಲೆ ಒಂದು ಚಿಕ್ಕ ಕಡ್ಡಿ ಇರುತ್ತದೆ; ಈ ಕಡೆ ಸರಿಸಿದರೆ ಗಡಿಯಾರ ಮುಂದೆ ಓಡುತ್ತದೆ, ಆ ಕಡೆ ಸರಿಸಿದರೆ ಹಿಂದೆ ಬೀಳುತ್ತದೆ. ಅದರ ಹೆಸರು ರೆಗ್ಯುಲೇಟರ್. ಬಿಡಿಭಾಗದ ಪೊಟ್ಟಣಗಳ ಮೇಲೆ ಆ ಪದ ನೋಡಿ ನೋಡಿ, ನಾನು ತಡವರಿಸದೆ ಓದಿದ ಮೊದಲ ಉದ್ದನೆಯ ಇಂಗ್ಲಿಷ್ ಪದ ಅದೇ ಆಯಿತು.

ಕಸುಬು ಕೈಗೆ ಹತ್ತಿದ ಮೇಲೆ ಇಚಲಕರಂಜಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಊರು ತುಂಬಿದ ಮಗ್ಗಗಳ ಸದ್ದಿನ ನಡುವೆ ಕೂತು ಕೂದಲೆಳೆಯಂಥ ಸ್ಪ್ರಿಂಗ್ ಕೂಡಿಸುತ್ತಿದ್ದೆ. ನನ್ನ ಕೈಯಲ್ಲಿ ಆಗದ್ದು ಯಾರ ಕೈಯಲ್ಲೂ ಆಗದು ಎಂದು ಜನ ಹೇಳುತ್ತಿದ್ದರು, ನಾನೂ ನಂಬಿದ್ದೆ. ಕೀಲಿ ಕೊಡುವ ಗಡಿಯಾರ ಹೋಗಿ ಸೆಲ್ಲಿನ ಗಡಿಯಾರ ಬಂದಾಗ ಅರ್ಧ ಕೆಲಸ ಕಳೆದುಕೊಂಡೆ, ಆದರೂ ತಲೆ ಬಾಗಿಸಲಿಲ್ಲ. ಮೊಬೈಲ್ ಬಂದು ಜನ ಕಿಸೆಯಿಂದ ವೇಳೆ ತೆಗೆಯತೊಡಗಿದಾಗ ಉಳಿದ ಅರ್ಧವೂ ಹೋಯಿತು. ಬರಿಗೈಯ ಗಂಡಸರನ್ನು ಕಂಡರೆ ಆಗ ನನಗೆ ಸಿಟ್ಟು ಬರುತ್ತಿತ್ತು.

ಆಮೇಲೆ ಮಣಿಕಟ್ಟುಗಳ ಮೇಲೆ ಮತ್ತೆ ಏನೋ ಕಾಣತೊಡಗಿತು. ರಬ್ಬರ್ ಪಟ್ಟಿ, ಕಪ್ಪು ಗಾಜು. ಮೊದಲು ಬಂದವು ಹೆಜ್ಜೆ ಎಣಿಸುತ್ತಿದ್ದವು ಅಷ್ಟೆ. ಮುಂದೆ ಫೋನು ಬಂದರೆ ನಡುಗಿದವು, ಆಮೇಲೆ ಅವುಗಳಲ್ಲೇ ಮಾತಾಡುವಂತಾಯಿತು. ಕೊರೊನಾ ಕಾಲದಲ್ಲಿ ರಕ್ತದ ಆಕ್ಸಿಜನ್ ತೋರಿಸುತ್ತವೆ ಎಂದು ಜನ ಮುಗಿಬಿದ್ದರು. ಬಿಚ್ಚಲು ಬಾರದ, ಕಿವಿಗೆ ಹಿಡಿದರೆ ಏನೂ ಕೇಳಿಸದ ಈ ವಸ್ತುವನ್ನು ನಾನು ಗಡಿಯಾರ ಎಂದು ಒಪ್ಪಲಿಲ್ಲ. ಆದರೆ ಹೊಟ್ಟೆ ನಡೆಯಬೇಕಲ್ಲ, ಅದರ ಪಟ್ಟಿ ಬದಲಿಸಿದೆ, ಗಾಜು ಹಚ್ಚಿದೆ. ಗುಡಿಯ ಗಂಟೆಯಂಥ ಚಿತ್ರ ಒತ್ತಿದರೆ ನಡುಗುವುದು ನಿಲ್ಲುತ್ತದೆ ಎಂಬುದನ್ನೂ ನೋಡಿ ಕಲಿತೆ. ‘ಸ್ಮಾರ್ಟ್ ವಾಚ್ ದುರಸ್ತಿ’ ಎಂದು ಬೋರ್ಡು ಬರೆಸಿದೆ. ದುರಸ್ತಿ ಬರುತ್ತಿರಲಿಲ್ಲ, ಬೋರ್ಡು ಮಾತ್ರ ಬಂತು.

ನನಗೊಬ್ಬ ಗೆಳೆಯ. ನಮ್ಮ ಊರಿನ ಕಡೆಯವನೇ, ಇಚಲಕರಂಜಿಯಲ್ಲಿ ಮಗ್ಗಗಳ ಜಾಬರ್, ಅಂದರೆ ಕೆಟ್ಟ ಮಗ್ಗ ಸರಿಮಾಡಿ ಓಡಿಸುವವ. ನಟ್ಟು ಬಿಗಿಯುವಾಗ ಅವನ ಬಲಗೈ ನೋಡಬೇಕಿತ್ತು. ಅವನ ಮಗಳು ಕೊಲ್ಹಾಪುರದ ಬದಿಯ ಗೋಕುಳ ಶಿರಗಾಂವದ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಅಪ್ಪನಿಗೊಂದು ಒಳ್ಳೆಯ ಸ್ಮಾರ್ಟ್ ವಾಚ್ ತಂದುಕೊಟ್ಟಳು. ಅವನು ಅದನ್ನು ಎಣ್ಣೆಯ ಕೈಗೇ ಕಟ್ಟಿಕೊಂಡು ತಿರುಗುತ್ತಿದ್ದ.

ಒಂದು ಸಂಜೆ ಶಿಫ್ಟ್ ಮುಗಿಸಿ ಅಂಗಡಿಗೆ ಬಂದು ಕೈ ಚಾಚಿದ.

“ಸಾಹೇಬ್ರ, ಇದು ಮೂರ್ ದಿನದಿಂದ ಗುಂಯ್ ಅಂತ ನಡಗತೈತಿ. ಏನೋ ಬರೀತೈತಿ. ನೋಡ್ರಿ ನಿಮ್ಮ ಇಂಗ್ಲಿಷ್ ಏನಂತೈತಿ.”

ನನ್ನನ್ನು ಸಾಹೇಬ್ರ ಎಂದು ಕರೆಯುವುದು ಅವನ ಚೇಷ್ಟೆ. ಪಕ್ಕದಲ್ಲೇ ಮೆಡಿಕಲ್ ಅಂಗಡಿ ಇದೆ. ಅಲ್ಲಿ ಕೂರುವ ಹುಡುಗಿ ಇಂಗ್ಲಿಷ್ ಪಟಪಟ ಓದುತ್ತಾಳೆ. ಹತ್ತು ಹೆಜ್ಜೆ. ನಾನು ಹೋಗಲಿಲ್ಲ. ನನ್ನ ಬೋರ್ಡಿನ ಕೆಳಗೆ ಕೂತು ಇನ್ನೊಬ್ಬರ ಹತ್ತಿರ ಓದಿಸುವುದೆ? ಕಣ್ಣಿಗೆ ಭೂತಗನ್ನಡಿ ಏರಿಸಿ ಗಾಜಿನ ಮೇಲೆ ಬಾಗಿದೆ. ಎರಡು ಸಾಲು ಇತ್ತು, ಮೇಲೊಂದು ಕೆಂಪು ಹೃದಯದ ಚಿತ್ರ. ಆ ಚಿತ್ರ ಎಲ್ಲ ಸ್ಮಾರ್ಟ್ ವಾಚುಗಳಲ್ಲೂ ಇರುತ್ತದೆ ಎಂದು ಅದನ್ನು ಬಿಟ್ಟೆ. ಪದಗಳಲ್ಲಿ ಒಂದರ ನಡುವೆ ನನಗೆ ಗುರುತಿನ ಅಕ್ಷರಗಳು ಕಂಡವು. ಆರ್, ಇ, ಜಿ, ಯು, ಎಲ್, ಎ, ಆರ್. ಪೊಟ್ಟಣದ ಮೇಲಿನ ನನ್ನ ಪದ. ಕೊನೆಯಲ್ಲಿ ಸ್ವಲ್ಪ ಬೇರೆ ಇತ್ತು, ಮೊದಲಿಗೆ ಐ, ಆರ್ ಎಂದು ಎರಡು ಅಕ್ಷರ ಹೆಚ್ಚಿದ್ದವು. ಅವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

“ರೆಗ್ಯುಲೇಟರ್ ಕೆಟ್ಟೈತಿ,” ಅಂದೆ. “ಠೋಕಾ ಸಮ ಬೀಳವಲ್ದು ಅಂತ ತಾನ ಹೇಳಾಕತ್ತೈತಿ. ಕುಂಟಾಕತ್ತೈತಿ ನಿನ್ನ ಗಡಿಯಾರ.”

“ಅಂದ್ರ ನನಗೇನೂ ಆಗಿಲ್ಲ?”

“ನಿನಗೇನ್ ಆಗತೈತಿ? ಕೋಣ ಇದ್ದಾಂಗ ಅದಿ.”

ಅವನು ನಕ್ಕ. ನಾನು ಗಂಟೆಯ ಚಿತ್ರ ಹುಡುಕಿ ಒತ್ತಿ ಆ ಬರಹವನ್ನು ಮುಚ್ಚಿದೆ. ಮತ್ತೆ ಬಾರದಂತೆ ಮಾಡಿದೆ. ಅದು ಹೇಳಿದ್ದು ಅವನ ಎದೆಯ ಬಡಿತ ಸಮ ಇಲ್ಲ, ಡಾಕ್ಟರಿಗೆ ತೋರಿಸು ಎಂದು. ಆ ಗಡಿಯಾರದಲ್ಲಿ ರೆಗ್ಯುಲೇಟರ್ ಎಂಬ ಭಾಗವೇ ಇರುವುದಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ಸೆಲ್ಲಿನ ಗಡಿಯಾರ ಬಂದಾಗಿನಿಂದ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ಹತ್ತಿರ ಹತ್ತಿರ ನಲವತ್ತು ವರ್ಷ, ತಪ್ಪು ಗಡಿಯಾರದ್ದು ಎಂದೇ ಕಲಿತವನಿಗೆ, ಗಡಿಯಾರ ಸರಿ ಇದ್ದು ಕಟ್ಟಿಕೊಂಡವನೇ ಕುಂಟುತ್ತಿರಬಹುದು ಎಂದು ಹೊಳೆಯಲಿಲ್ಲ.

ಆರು ವಾರದ ಮೇಲೆ ಅವನು ಮಗ್ಗದ ಪಕ್ಕದಲ್ಲೇ ಬಿದ್ದ. ಕೊಲ್ಹಾಪುರದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಬಲಗೈ ಮತ್ತು ಬಲಗಾಲು ಹೋದವು. ಎದೆಯ ಬಡಿತ ತಪ್ಪಿ, ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಏರಿದೆ ಎಂದು ಡಾಕ್ಟರು ಮಗಳಿಗೆ ತಿಳಿಸಿ ಹೇಳಿದರು. ನಾನು ಅವಳ ಹಿಂದೆ ನಿಂತು ಕೇಳುತ್ತಿದ್ದೆ. ಅವಳ ಕೈಯಲ್ಲಿದ್ದ ಅಪ್ಪನ ವಾಚನ್ನು ನೋಡಿ ಡಾಕ್ಟರು, ಇದು ಮೊದಲೇ ಎಚ್ಚರಿಸಬೇಕಿತ್ತಲ್ಲ, ಇಂಥದರಿಂದಲೇ ಎಷ್ಟೋ ಜನ ವೇಳೆಗೆ ಬರುತ್ತಾರೆ ಎಂದರು. ಮುಂದೆ ಬರುವ ವಾಚುಗಳು ಸೂಜಿ ಚುಚ್ಚದೆ ಸಕ್ಕರೆ ನೋಡಬಹುದು, ಹೇಳಿದ್ದನ್ನು ನಾವು ಕೇಳದಿದ್ದರೆ ಮನೆಯವರಿಗೆ ತಾವೇ ಫೋನು ಮಾಡಬಹುದು ಎಂದೂ ಹೇಳಿದರು. ಮಗಳು, ಏನೂ ಹೇಳಲಿಲ್ಲ ಸರ್ ಇದು, ಎಂದಳು. ನಾನು ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಚಹಾ ತಂದೆ. ಎರಡು ತಿಂಗಳು ಹಾಗೆಯೇ ಚಹಾ, ಹಣ್ಣು, ಔಷಧಿ ತರುತ್ತ ಕಳೆದೆ. ವೈನಿ, ಅಂದರೆ ಅವನ ಹೆಂಡತಿ, ಒಡಹುಟ್ಟಿದವರೂ ಇಷ್ಟು ಮಾಡೂದಿಲ್ಲ ಎಂದು ನೆರೆಯವರ ಮುಂದೆ ನನ್ನನ್ನು ಹೊಗಳಿದಾಗ ನಾನು ಚಪ್ಪಲಿ ಹುಡುಕುವ ನೆಪ ಮಾಡಿ ಹೊರಗೆ ಬಂದೆ.

ಅವನನ್ನು ಮನೆಗೆ ಕರೆತಂದ ಮೇಲೆ ಒಂದು ರವಿವಾರ ಮಗಳು ನನ್ನನ್ನು ಕರೆದು ಕೂರಿಸಿ ಆ ವಾಚನ್ನು ಮುಂದಿಟ್ಟಳು. ಮಾಡಿದ ಕಂಪನಿಗೆ ಬರೆಯುತ್ತಾಳಂತೆ. ಇದನ್ನು ನಂಬಿ ಇನ್ನೊಬ್ಬರ ಅಪ್ಪ ಹೀಗಾಗಬಾರದು ಎಂದಳು.

“ಕಾಕಾ, ನೀವು ಗಡಿಯಾರದ ಮಂದಿ. ಇದು ಕೆಟ್ಟೈತಿ ಅಂತ ಒಂದ್ ಚೀಟಿ ಬರದು ಸಹಿ ಮಾಡಿ ಕೊಡ್ರಿ.”

ಪೆನ್ನನ್ನೂ ಕೊಟ್ಟಳು. ಮರಾಠಿಯಲ್ಲಿ ಬರೆದರೆ ಸಾಕಿತ್ತು. ಬರೆದಿದ್ದರೆ ಎಲ್ಲ ತಪ್ಪೂ ಆ ಕಪ್ಪು ಗಾಜಿನ ಮೇಲೆ ಹೋಗುತ್ತಿತ್ತು, ನಾನು ಕಾಕಾ ಆಗಿಯೇ ಉಳಿಯುತ್ತಿದ್ದೆ. ಪೆನ್ನಿನ ಟೋಪಿ ತೆಗೆದೆ, ಮತ್ತೆ ಹಾಕಿದೆ.

“ಇದು ಕೆಟ್ಟಿಲ್ಲವ್ವಾ,” ಅಂದೆ. “ಇದು ಹೇಳಿತ್ತು. ನನಗ ಓದಾಕ ಬರಲಿಲ್ಲ. ನಾನ ಬಾಯಿ ಮುಚ್ಚಿಸೇನಿ ಇದರದ್ದು.”

ಉಳಿದದ್ದನ್ನು ತಲೆ ತಗ್ಗಿಸಿ ಹೇಳಿ ಮುಗಿಸಿದೆ. ವೈನಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮಗಳು ವಾಚನ್ನು ತೆಗೆದುಕೊಂಡು ಅದರಲ್ಲಿ ಏನೋ ಹುಡುಕಿದಳು. ನಾನು ಮುಚ್ಚಿದ ಜಾಗ ಅವಳಿಗೆ ಒಂದೇ ನಿಮಿಷದಲ್ಲಿ ಸಿಕ್ಕಿತು.

ಆಗ ಮಂಚದಿಂದ ಗೆಳೆಯ ಮಾತಾಡಿದ. ಅವನ ಮಾತು ಈಗ ಒಂದು ಮಗ್ಗುಲಿಂದ ಬರುತ್ತದೆ, ನಿಂತು ನಿಂತು ಬರುತ್ತದೆ.

“ನಿನಗ ಓದಾಕ ಬರೂದಿಲ್ಲಂತ ನನಗ ಗೊತ್ತಿತ್ತು.”

“ಮತ್ಯಾಕ ನನ್ನ ಕಡೆ ಬಂದಿ?”

“ಮಗಳಿಗೆ ತೋರ್ಸಿದ್ರ ದವಾಖಾನಿ ಅಂತಿದ್ಲು. ನೀ ಆದ್ರ ಗಡಿಯಾರ ಕೆಟ್ಟೈತಿ ಅಂತಿ. ಅದ ಬೇಕಾಗಿತ್ತು ನನಗ.”

ಇದನ್ನು ಕೇಳಿ ನನ್ನ ಭಾರ ಇಳಿಯಿತು ಎಂದು ಯಾರೂ ತಿಳಿಯಬಾರದು. ಹೆಚ್ಚಾಯಿತು. ನನ್ನ ಸೊಕ್ಕು ಹೇಗೆ ನಡೆಯುತ್ತದೆ ಎಂಬುದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ತನ್ನ ಹೆದರಿಕೆಗೆ ಔಷಧಿ ಸಿಗುವ ಅಂಗಡಿ ಎಂದು ನನ್ನಲ್ಲಿಗೆ ಬಂದಿದ್ದ. ನಾನೂ ಕೊಟ್ಟು ಕಳಿಸಿದ್ದೆ. ಮಗಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ತಂದಿಟ್ಟಳು. ಆ ದಿನದಿಂದ ಅವಳು ನನ್ನನ್ನು ಕಾಕಾ ಎಂದು ಕರೆದಿಲ್ಲ. ಮಾತಾಡುತ್ತಾಳೆ, ‘ರೀ’ ಅನ್ನುತ್ತಾಳೆ ಅಷ್ಟೆ. ಅದು ಸರಿಯಾಗಿಯೇ ಇದೆ.

ಮರುದಿನ ಬೋರ್ಡಿನ ‘ಸ್ಮಾರ್ಟ್ ವಾಚ್ ದುರಸ್ತಿ’ ಎಂಬ ಸಾಲನ್ನು ಬಣ್ಣ ಹಚ್ಚಿ ಅಳಿಸಿದೆ. ಈಗ ಯಾರಾದರೂ ಇಂಥ ವಾಚು ತಂದು ಏನೋ ಬರೆದಿದೆ ನೋಡಿ ಎಂದರೆ, ನನಗೆ ಇಂಗ್ಲಿಷ್ ಓದಲು ಬಾರದು ಎಂದು ಮೊದಲೇ ಹೇಳಿ ಮೆಡಿಕಲ್ಲಿನ ಹುಡುಗಿಯ ಕಡೆ ಕಳಿಸುತ್ತೇನೆ. ಮುಂದೆ ಇವು ಕನ್ನಡ, ಮರಾಠಿ ಎಲ್ಲ ಭಾಷೆಯಲ್ಲೂ ಬಾಯಿಬಿಟ್ಟು ಮಾತಾಡುತ್ತವೆ ಎಂದು ಆ ಹುಡುಗಿ ಹೇಳುತ್ತಾಳೆ. ಮಾತಾಡಲಿ. ಮಣಿಕಟ್ಟಿನ ಮೇಲಿನಿಂದ ಒಂದು ಯಂತ್ರ ನಿನ್ನ ಎದೆ ಸರಿ ಇಲ್ಲ ಎಂದು ನಮ್ಮದೇ ಮಾತಿನಲ್ಲಿ ಹೇಳುವ ದಿನ ಬಂದರೆ ನನ್ನಂಥವನ ಹತ್ತಿರ ಯಾರೂ ಓದಿಸಲು ಬರಬೇಕಾಗಿಲ್ಲ. ಆದರೆ ನನಗಂತೂ ಅದು ಇಂಗ್ಲಿಷಿನಲ್ಲಿ ಬರೆದದ್ದಕ್ಕೆ ಹೀಗಾಯಿತು ಎಂದು ಹೇಳಿಕೊಳ್ಳುವ ಮುಖ ಇಲ್ಲ. ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು.

ಗೆಳೆಯ ಎಡಗೈಯಿಂದ ಊಟ ಮಾಡಲು ಕಲಿತಿದ್ದಾನೆ. ಅವನಿಗೆ ರವಿವಾರ ದಾಡಿ ಮಾಡುವುದು ನಾನೇ.

ಇಂದು ನನ್ನ ಹತ್ತಿರ ಇರುವುದು: ಬಾಡಿಗೆಯ ಒಂದು ಅಂಗಡಿ, ಸ್ವಂತದ ಎರಡು ಕೋಣೆಯ ಮನೆ, ಹೆಂಡತಿ, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು, ಗೆಳೆಯ ಒಬ್ಬ, ದುರಸ್ತಿಗೆ ಬಂದು ಕೂತ ಏಳು ಕೀಲಿ ಗಡಿಯಾರ, ಪಟ್ಟಿ ಬದಲಿಸಬೇಕಾದ ಐದು ಸ್ಮಾರ್ಟ್ ವಾಚ್.